ವರ್ಷಾಸು ರಥಕಾರಃ: ಮಂತ್ರ ಹೇಳುವ ಅಧಿಕಾರ ಯಾರಿಗೆ?

(ಸಂಸ್ಕೃತಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಸ್ಕೃತ ಹೇಳಿಕೊಡುವವರ ಹತ್ತಿರ ಜನ ವ್ಯಾಕರಣ ಕೇಳುವುದಕ್ಕಿಂತ ಹೆಚ್ಚಾಗಿ ಅಪ್ಪಣೆ ಕೇಳುತ್ತಾರೆ. ಹೆಂಗಸರು ಗಾಯತ್ರಿ ಹೇಳಬಹುದಾ? ಉಪನಯನ ಆಗದವರು ಓಂಕಾರ ಸೇರಿಸಿ ಜಪ ಮಾಡಬಹುದಾ? ನಮ್ಮ ಮನೆತನದಲ್ಲಿ ವೇದ ಇಲ್ಲ, ರುದ್ರ ಕಲಿತರೆ ದೋಷವಾ? ಕೇಳುವಾಗ ದನಿ ಒಂದಿಷ್ಟು ತಗ್ಗುತ್ತದೆ. ಯಾರೋ ಎಂದೋ ಗದರಿದ್ದು ಇನ್ನೂ ಕಿವಿಯಲ್ಲಿ ಉಳಿದಿರುತ್ತದೆ. ‘ಶಾಸ್ತ್ರದಲ್ಲಿ ಇಲ್ಲ’ ಎಂಬ ಒಂದು ಮಾತು ಸಾಕು, ಎಪ್ಪತ್ತು ವರ್ಷದ ಹಿರಿಯರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ನಾನು ಅವರಿಗೆ ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಮಂತ್ರ? ಯಾವ ಶಾಸ್ತ್ರ? ಈ ಹೊತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಮೊದಲು ನಮ್ಮ ಮನೆಯ ಒಂದು ಸಂಗತಿ. ಸೋಮವಾರ ತಂದೆಯವರು ರುದ್ರ ಹೇಳಿ ಅಭಿಷೇಕ ಮಾಡುತ್ತಿದ್ದರು. ಅಮ್ಮ ಒಳಬಾಗಿಲ ಹತ್ತಿರ ಹೂ ಕಟ್ಟುತ್ತಾ ಕೂತಿರುತ್ತಿದ್ದರು. ಒಂದು ಸೋಮವಾರ ತಂದೆಗೆ ಜ್ವರ. ಎಂಟನೇ ಅನುವಾಕದಲ್ಲಿ, ಅಂದರೆ ರುದ್ರದ ಎಂಟನೇ ಭಾಗದಲ್ಲಿ, ‘ನಮಸ್ತಾಮ್ರಾಯ ಚಾರುಣಾಯ ಚ’ ಎಂದವರು ಅಲ್ಲೇ ನಿಂತರು. ಮುಂದಿನದು ನೆನಪಿಗೆ ಬರಲಿಲ್ಲ. ಅಮ್ಮನ ತುಟಿ ಅಲುಗಿತು. ದನಿ ಇಲ್ಲ, ತುಟಿ ಮಾತ್ರ. ತಂದೆ ಆ ತುಟಿಯನ್ನೇ ನೋಡಿ ‘ನಮಃ ಶಂಗಾಯ ಚ ಪಶುಪತಯೇ ಚ’ ಎಂದು ಮುಂದುವರಿಸಿದರು. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಅದೇ ಸಂಜೆ ಅಮ್ಮ ರುದ್ರಾಕ್ಷಿ ಸರ ಹಿಡಿದು ‘ನಮಃ ಶಿವಾಯ, ನಮಃ ಶಿವಾಯ’ ಎಂದು ಎಲ್ಲರಿಗೂ ಕೇಳಿಸುವಂತೆ ಜಪ ಮಾಡಿದರು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ನಾನು ಸಂಸ್ಕೃತ ಓದಿದ ಮೇಲೆ ಗೊತ್ತಾಯಿತು. ಆ ಐದು ಅಕ್ಷರ ಇರುವುದು ತೈತ್ತಿರೀಯ ಸಂಹಿತೆಯ ರುದ್ರದಲ್ಲಿ, ಅದೇ ಎಂಟನೇ ಅನುವಾಕದಲ್ಲಿ: ‘ನಮಃ ಶಿವಾಯ ಚ ಶಿವತರಾಯ ಚ’. ಅಮ್ಮನ ತುಟಿ ಅಲುಗಿದ ಸಾಲಿನಿಂದ ಅದು ಕೆಲವೇ ಸಾಲು ಮುಂದೆ. ಅದೇ ಅಕ್ಷರಗಳು ಅನುವಾಕದೊಳಗೆ ಇದ್ದಾಗ ಅಮ್ಮನಿಗೆ ಸಲ್ಲದು, ಸರದ ಮೇಲೆ ಬಂದಾಗ ಸಲ್ಲುತ್ತದೆ. ಇದು ಹೇಗೆ?

ಇದಕ್ಕೆ ಸಂಪ್ರದಾಯದಲ್ಲಿ ಉತ್ತರ ಇದೆ, ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಮಂತ್ರ ಎಂದರೆ ಒಂದೇ ಜಾತಿಯದಲ್ಲ. ಸ್ವರಸಹಿತವಾಗಿ, ಗುರುಮುಖದಿಂದ, ಉಪನಯನದ ನಂತರ ಕಲಿಯುವುದು ವೇದಮಂತ್ರ. ದೀಕ್ಷೆಯಿಂದ ಬರುವುದು ಆಗಮದ ಮಂತ್ರ. ಪುರಾಣದ ಶ್ಲೋಕಗಳಿಂದ ಪೂಜೆ ನಡೆಸಿದರೆ ಪುರಾಣೋಕ್ತ. ಇವೆಲ್ಲವನ್ನೂ ಬಿಟ್ಟು ಬರೀ ಹೆಸರು ಹಿಡಿದು ಕರೆಯುವುದು ನಾಮ. ಹಾಗೆಯೇ ಅಧಿಕಾರ ಎಂಬ ಮಾತು. ಕಚೇರಿಯ ಅಧಿಕಾರಿಯ ಅಧಿಕಾರವಲ್ಲ ಇದು. ಈ ಕರ್ಮ ಮಾಡಿದರೆ ಫಲ ಯಾರಿಗೆ ಸೇರುತ್ತದೆ, ಮಾಡುವ ಅರ್ಹತೆ ಯಾರಿಗಿದೆ ಎಂಬುದನ್ನು ಮೀಮಾಂಸಕರು, ಅಂದರೆ ವೇದವಾಕ್ಯಗಳ ಅರ್ಥವನ್ನು ವಿಚಾರ ಮಾಡುವವರು, ಅಧಿಕಾರ ಎನ್ನುತ್ತಾರೆ. ಫಲ ಬೇಕು ಎನ್ನುವ ಆಸೆ ಇರಬೇಕು, ಮಾಡುವ ಶಕ್ತಿ ಇರಬೇಕು, ಅದಕ್ಕೆ ಬೇಕಾದ ವಿದ್ಯೆ ಇರಬೇಕು. ಈ ಮೂರನೆಯದರಲ್ಲೇ ಬಾಗಿಲು ಮುಚ್ಚಿದ್ದು. ವಿದ್ಯೆ ಎಂದರೆ ವೇದಾಧ್ಯಯನ, ಅಧ್ಯಯನಕ್ಕೆ ಮೊದಲು ಉಪನಯನ, ಉಪನಯನಕ್ಕೆ ಋತು ಹೇಳಿದ್ದಾರೆ: ವಸಂತದಲ್ಲಿ ಬ್ರಾಹ್ಮಣನಿಗೆ, ಗ್ರೀಷ್ಮದಲ್ಲಿ ಕ್ಷತ್ರಿಯನಿಗೆ, ಶರತ್ತಿನಲ್ಲಿ ವೈಶ್ಯನಿಗೆ. ನಾಲ್ಕನೆಯವನಿಗೆ ಋತು ಹೇಳಿಲ್ಲ. ಹೇಳಿಲ್ಲವಾದ್ದರಿಂದ ಉಪನಯನ ಇಲ್ಲ, ಉಪನಯನ ಇಲ್ಲದ್ದರಿಂದ ವೇದ ಇಲ್ಲ. ಸರಪಳಿ ಇಷ್ಟೇ.

ಶೂದ್ರರಿಗೆ ವೇದವಿದ್ಯೆಯಲ್ಲಿ ಅಧಿಕಾರ ಇದೆಯೇ ಎಂದು ಚರ್ಚಿಸುವ ಭಾಗ ಬ್ರಹ್ಮಸೂತ್ರದ ಅಪಶೂದ್ರಾಧಿಕರಣ, ಅಲ್ಲಿ ಶಂಕರರು ಇದನ್ನೇ ಹೇಳುತ್ತಾರೆ. ಲೌಕಿಕ ಸಾಮರ್ಥ್ಯ ಒಂದೇ ಸಾಲದು, ಶಾಸ್ತ್ರೀಯ ಸಾಮರ್ಥ್ಯ ಬೇಕು. ಬುದ್ಧಿ ಇಲ್ಲ ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ. ವಿದುರ, ಧರ್ಮವ್ಯಾಧರ ಜ್ಞಾನವನ್ನು ಒಪ್ಪಿಕೊಂಡೇ, ಅದು ಪೂರ್ವಜನ್ಮದ ಸಂಸ್ಕಾರ ಎಂದರು. ಇತಿಹಾಸ, ಪುರಾಣಗಳನ್ನು ನಾಲ್ಕು ವರ್ಣದವರಿಗೂ ಕೇಳಿಸಬೇಕು ಎಂಬ ಮಾತನ್ನೂ ಉದಾಹರಿಸಿದರು. ರಾಮಾನುಜರು, ಮಧ್ವರು ಶಂಕರರನ್ನು ಎಷ್ಟೆಲ್ಲ ಕಡೆ ಖಂಡಿಸಿದರೂ ಈ ಅಧಿಕರಣದಲ್ಲಿ ಮೂವರ ತೀರ್ಮಾನವೂ ಒಂದೇ.

ಇಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಗೌತಮ ಧರ್ಮಸೂತ್ರದ 12ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಶೂದ್ರನು ವೇದವನ್ನು ಬೇಕೆಂದೇ ಕೇಳಿದರೆ ಕಿವಿಗೆ ಕರಗಿಸಿದ ತವರ, ಅರಗು ತುಂಬಬೇಕು, ಉಚ್ಚರಿಸಿದರೆ ನಾಲಗೆ ಕತ್ತರಿಸಬೇಕು, ನೆನಪಿನಲ್ಲಿ ಇಟ್ಟುಕೊಂಡರೆ ದೇಹವನ್ನೇ ಸೀಳಬೇಕು. ಈ ವಾಕ್ಯ ಬಂದಾಗ ಕೆಲವರು ‘ಅದು ಪ್ರಕ್ಷಿಪ್ತ’ ಎನ್ನುತ್ತಾರೆ. ಇನ್ನು ಕೆಲವರು ‘ಅದು ಆಚರಣೆಯಲ್ಲಿ ಇರಲಿಲ್ಲ’ ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಭಾಷ್ಯಗಳಲ್ಲಿ ಇದನ್ನು ಪ್ರಮಾಣವಾಗಿ ಎತ್ತಿಕೊಂಡಿದ್ದಾರೆ. ತವರ ಕಾಯಿಸಿದರೋ ಇಲ್ಲವೋ, ತಲೆಮಾರುಗಳ ನಾಲಗೆ ಕಟ್ಟಿಹಾಕಲು ಆ ವಾಕ್ಯವೇ ಸಾಕಾಯಿತು. ಶಾಸ್ತ್ರವನ್ನು ಪ್ರೀತಿಸುವವರು ಈ ಸಾಲನ್ನು ಓದಿ ತಲೆ ತಗ್ಗಿಸಬೇಕು. ಆಮೇಲೆ ಮುಂದಿನ ಪುಟ ತಿರುಗಿಸಬೇಕು.

ಮುಂದಿನ ಪುಟದಲ್ಲಿ ಮಳೆಗಾಲ ಬರುತ್ತದೆ.

ವಸಂತ, ಗ್ರೀಷ್ಮ, ಶರತ್ತು ಎಂದೆವಲ್ಲ, ನಡುವೆ ವರ್ಷಋತು ಖಾಲಿ ಉಳಿಯಿತು. ಯಜ್ಞಕ್ಕೆ ಅಗ್ನಿಯನ್ನು ಸ್ಥಾಪಿಸುವ ಆಧಾನ ಕರ್ಮಕ್ಕೂ ಇದೇ ಋತುಗಳು. ಅಲ್ಲಿ ಒಂದು ಶ್ರುತಿವಾಕ್ಯವಿದೆ: ‘ವರ್ಷಾಸು ರಥಕಾರ ಆದಧೀತ’. ಮಳೆಗಾಲದಲ್ಲಿ ರಥಕಾರನು ಅಗ್ನ್ಯಾಧಾನ ಮಾಡಲಿ. ರಥಕಾರ ಎಂದರೆ ರಥ ಮಾಡುವವನು, ಮರಗೆಲಸದವನು. ಬೌಧಾಯನ ಗೃಹ್ಯಸೂತ್ರವಂತೂ ಉಪನಯನದ ಪಟ್ಟಿಯಲ್ಲೇ ಮಳೆಗಾಲವನ್ನು ರಥಕಾರನಿಗೆ ಕೊಡುತ್ತದೆ.

ಜೈಮಿನಿಯ ಮೀಮಾಂಸಾಸೂತ್ರದ 6ನೇ ಅಧ್ಯಾಯದಲ್ಲಿ ಈ ವಾಕ್ಯದ ಮೇಲೆ ದೊಡ್ಡ ಚರ್ಚೆಯೇ ಇದೆ. ಪೂರ್ವಪಕ್ಷದವನು, ಅಂದರೆ ಮೊದಲು ಆಕ್ಷೇಪ ಎತ್ತುವವನು, ಹೇಳುತ್ತಾನೆ: ರಥಕಾರ ಎಂದರೆ ಯಾವುದೋ ಜಾತಿಯಲ್ಲ, ಹೊಟ್ಟೆಪಾಡಿಗೆ ರಥ ಮಾಡುವ ಬ್ರಾಹ್ಮಣನೋ ಕ್ಷತ್ರಿಯನೋ ವೈಶ್ಯನೋ ಇರಬೇಕು. ಹಾಗೆಂದುಬಿಟ್ಟರೆ ನಿಯಮಕ್ಕೆ ಭಂಗವಿಲ್ಲ. ಕೊನೆಯ ತೀರ್ಮಾನ ಹೇಳುವ ಸಿದ್ಧಾಂತಿ ಒಪ್ಪುವುದಿಲ್ಲ. ಪದವನ್ನು ಬಿಡಿಸಿ ಬರುವ ಅರ್ಥಕ್ಕಿಂತ ಜನರ ಬಳಕೆಯಲ್ಲಿ ನಿಂತ ಅರ್ಥ ಬಲವಾದದ್ದು, ಯೋಗಕ್ಕಿಂತ ರೂಢಿ ಬಲಿಷ್ಠ. ರಥಕಾರ ಎನ್ನುವುದು ಒಂದು ಜಾತಿಯ ಹೆಸರಾಗಿ ರೂಢಿಯಲ್ಲಿದೆ, ಮೂರು ವರ್ಣಕ್ಕೆ ಸೇರದ ಆ ರಥಕಾರನೇ ಇಲ್ಲಿ ವಿವಕ್ಷಿತ, ಅವನಿಗೆ ಆಧಾನವೂ ಅದರ ಮಂತ್ರವೂ ಉಂಟು. ಇದು ಇವತ್ತಿನ ಸುಧಾರಕರ ಮಾತಲ್ಲ, ಮೀಮಾಂಸೆಯ ಹೃದಯಭಾಗದಲ್ಲಿರುವ ತೀರ್ಮಾನ.

ಅದರ ಬೆನ್ನಿಗೇ ನಿಷಾದಸ್ಥಪತಿ ಬರುತ್ತಾನೆ. ರುದ್ರನಿಗೆ ಚರು, ಅಂದರೆ ಬೇಯಿಸಿದ ಅನ್ನ, ಅರ್ಪಿಸುವ ಒಂದು ಇಷ್ಟಿ, ಚಿಕ್ಕ ಯಜ್ಞ, ‘ಏತಯಾ ನಿಷಾದಸ್ಥಪತಿಂ ಯಾಜಯೇತ್’, ಇದನ್ನು ನಿಷಾದಸ್ಥಪತಿಯಿಂದ ಮಾಡಿಸಬೇಕು. ನಿಷಾದರು ಕಾಡಿನವರು, ಬೇಟೆಯವರು. ಸ್ಥಪತಿ ಎಂದರೆ ಒಡೆಯ. ಇಲ್ಲಿ ಪ್ರಶ್ನೆ ಸಮಾಸದ್ದು. ನಿಷಾದರ ಒಡೆಯ ಎಂದು ಬಿಡಿಸಿದರೆ ಷಷ್ಠೀ ತತ್ಪುರುಷ, ಆ ಒಡೆಯ ಯಾವುದೋ ಕ್ಷತ್ರಿಯನಾಗಿರಬಹುದು, ನಿಯಮ ಕ್ಷೇಮ. ನಿಷಾದನೇ ಆದ ಒಡೆಯ ಎಂದರೆ ಕರ್ಮಧಾರಯ. ಮೀಮಾಂಸಕರು ಕರ್ಮಧಾರಯವನ್ನೇ ಆರಿಸಿದರು. ಷಷ್ಠಿಯನ್ನು ಊಹಿಸಿಕೊಳ್ಳಬೇಕು, ವಾಕ್ಯದಲ್ಲಿ ಅದು ಕಾಣುವುದಿಲ್ಲ. ಇರುವ ಎರಡು ಪದಗಳಿಂದಲೇ ಅರ್ಥ ಹೊಂದುವಾಗ ಇಲ್ಲದ್ದನ್ನು ಏಕೆ ತರಬೇಕು ಎಂಬುದು ಅವರ ವಾದ. ಒಂದು ವಿಭಕ್ತಿಯ ಮೇಲೆ ಒಬ್ಬ ಮನುಷ್ಯನ ಅಧಿಕಾರ ನಿಂತಿತ್ತು, ವ್ಯಾಕರಣ ಅವನ ಪರವಾಗಿ ಸಾಕ್ಷಿ ಹೇಳಿತು. ನನ್ನ ಓದಿನಲ್ಲಿ ಇಷ್ಟು ಸಂತೋಷ ಕೊಟ್ಟ ಪುಟಗಳು ಕಡಿಮೆ.

ಈ ಪ್ರಸಂಗವನ್ನು ಅಮ್ಮನಿಗೆ ಹೇಳಿದ್ದೆ. ಅವರು ಎಲ್ಲ ಕೇಳಿಸಿಕೊಂಡು, ‘ಆ ನಿಷಾದನಿಗೆ ಮಂತ್ರ ಯಾರು ಹೇಳಿಕೊಟ್ಟರು?’ ಎಂದರು. ಇಷ್ಟಿಯನ್ನು ವಿಧಿಸಿದ ವಾಕ್ಯವೇ ಅದಕ್ಕೆ ಬೇಕಾದಷ್ಟು ವಿದ್ಯೆಯನ್ನೂ ವಿಧಿಸಿದಂತೆ ಎಂದು ಮೀಮಾಂಸಕರ ಉತ್ತರ ಹೇಳಿದೆ. ಅಂದರೆ ಒಬ್ಬ ಋತ್ವಿಜ ನಿಷಾದನ ಎದುರಿಗೆ ಕೂತು, ಬಾಯಿಂದ ಬಾಯಿಗೆ, ಸ್ವರ ತಿದ್ದಿ ಹೇಳಿಕೊಡಲೇಬೇಕು. ಅಮ್ಮ ‘ಹೌದಲ್ಲ’ ಎಂದರು.

ಇದೇ ಅಧ್ಯಾಯದಲ್ಲಿ ಬಾದರಿ ಎಂಬ ಹಳೆಯ ಆಚಾರ್ಯರ ಮತವನ್ನೂ ಜೈಮಿನಿ ದಾಖಲಿಸುತ್ತಾರೆ. ಋತುಗಳ ಉಲ್ಲೇಖ ಕಾಲವನ್ನು ತಿಳಿಸಲು ಬಂದದ್ದೇ ಹೊರತು ಉಳಿದವರನ್ನು ಹೊರಗಿಡಲು ಅಲ್ಲ, ‘ತಸ್ಮಾತ್ ಸರ್ವಾಧಿಕಾರಂ ಸ್ಯಾತ್’, ಆದ್ದರಿಂದ ಎಲ್ಲರಿಗೂ ಅಧಿಕಾರ. ಜೈಮಿನಿ ಇದನ್ನು ಒಪ್ಪಲಿಲ್ಲ, ನಿಜ. ಆದರೆ ಅಳಿಸಲಿಲ್ಲ. ‘ಶಾಸ್ತ್ರದಲ್ಲಿ ಇಲ್ಲ’ ಎನ್ನುವವರು ಬಾದರಿಯ ಹೆಸರು ಕೇಳಿದ್ದಾರೆಯೇ ಎಂದು ನನಗೆ ಅನುಮಾನ.

ಇನ್ನು ಹೆಣ್ಣುಮಕ್ಕಳ ಮಾತು. ಋಗ್ವೇದದಲ್ಲಿ ಅಪಾಲಾ, ಘೋಷಾ, ಲೋಪಾಮುದ್ರಾ, ವಿಶ್ವವಾರಾ ಋಷಿಕೆಯರು. ದೇವೀಸೂಕ್ತ ಎಂದು ನಾವು ಹೇಳುವ ಹತ್ತನೇ ಮಂಡಲದ 125ನೇ ಸೂಕ್ತ ವಾಗಾಂಭೃಣಿ ಎಂಬ ಋಷಿಕೆಯದು, ಎಂಟು ಋಕ್ಕುಗಳು. ಅದನ್ನು ಕಂಡವಳು ಹೆಣ್ಣು, ಅದನ್ನು ಹೇಳಬಾರದವಳೂ ಹೆಣ್ಣು ಎಂದರೆ ಮನಸ್ಸು ಒಪ್ಪುವುದು ಹೇಗೆ? ಧರ್ಮಸೂತ್ರಕಾರ ಹಾರೀತರು ಸ್ತ್ರೀಯರಲ್ಲಿ ವೇದ ಓದುವ ಬ್ರಹ್ಮವಾದಿನಿಯರು, ನೇರವಾಗಿ ಮದುವೆಯಾಗುವ ಸದ್ಯೋವಧುಗಳು ಎಂದು ಎರಡು ಬಗೆ ಹೇಳಿ, ಮೊದಲಿನವರಿಗೆ ಉಪನಯನ, ಅಗ್ನಿಕಾರ್ಯ, ವೇದಾಧ್ಯಯನ ಉಂಟು ಎಂದರು. ಯಮನ ಹೆಸರಿನ ಸ್ಮೃತಿವಾಕ್ಯ ‘ಪುರಾಕಲ್ಪೇ ಕುಮಾರೀಣಾಂ ಮೌಂಜೀಬಂಧನಮಿಷ್ಯತೇ’ ಎನ್ನುತ್ತದೆ. ಹಿಂದೆ ಇತ್ತು ಎಂದು ಒಪ್ಪಿಕೊಂಡು, ಈಗ ಇಲ್ಲ ಎಂದು ಸೂಚಿಸುವ ದಾರಿ ಅದು. ಮನುಸ್ಮೃತಿಯಲ್ಲಿ ಮದುವೆಯೇ ಹೆಣ್ಣಿನ ವೈದಿಕ ಸಂಸ್ಕಾರ, ಉಳಿದ ಸಂಸ್ಕಾರಗಳು ಅಮಂತ್ರಕ.

ಆದರೂ ಯಜ್ಞಶಾಲೆಯಿಂದ ಹೆಂಡತಿಯನ್ನು ಹೊರಗಿಡಲು ಆಗಲಿಲ್ಲ, ಅವಳಿಲ್ಲದೆ ಯಜ್ಞವೇ ಇಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಮಾಡುವ ದರ್ಶಪೂರ್ಣಮಾಸ ಯಜ್ಞದಲ್ಲಿ ಪತ್ನಿಯ ಸೊಂಟಕ್ಕೆ ಮುಂಜೆ ಹುಲ್ಲಿನ ಹಗ್ಗ ಕಟ್ಟುತ್ತಾರೆ. ಅದಕ್ಕೆ ‘ಆಶಾಸಾನಾ ಸೌಮನಸಂ’ ಎಂಬ ಮಂತ್ರವಿದೆ. ಬಯಸುತ್ತಿರುವವಳು ಎಂಬ ಸ್ತ್ರೀಲಿಂಗದ ರೂಪ, ಆ ಮಂತ್ರದ ಒಳಗೇ ಅವಳು ಕೂತಿದ್ದಾಳೆ. ತೈತ್ತಿರೀಯ ಬ್ರಾಹ್ಮಣ ಇದನ್ನು ಪತ್ನಿಯ ‘ವ್ರತೋಪನಯನ’ ಎಂದೇ ಕರೆಯುತ್ತದೆ. ಉಪನಯನ ಎಂಬ ಪದ, ಮುಂಜೆಯ ಹಗ್ಗ, ಮಂತ್ರ, ಮೂರೂ ಅಲ್ಲಿವೆ.

ಬೃಹದಾರಣ್ಯಕದ ಒಂದು ಜಾಗ ತೋರಿಸುತ್ತೇನೆ. ‘ನನಗೆ ಪಂಡಿತೆಯಾದ ಮಗಳು ಹುಟ್ಟಲಿ’ ಎಂದು ಬಯಸುವವನು ಏನು ಮಾಡಬೇಕು ಎಂದು ಉಪನಿಷತ್ತು ಹೇಳುತ್ತದೆ. ಶಂಕರರ ಭಾಷ್ಯ ಅಲ್ಲಿ ಒಂದು ಸಾಲು ಸೇರಿಸುತ್ತದೆ: ಮಗಳ ಪಾಂಡಿತ್ಯ ಎಂದರೆ ಮನೆವಾರ್ತೆಯ ವಿಷಯದ್ದು, ಏಕೆಂದರೆ ಅವಳಿಗೆ ವೇದದಲ್ಲಿ ಅಧಿಕಾರವಿಲ್ಲ. ನಾನು ಶಂಕರರನ್ನು ದಿನವೂ ಓದುವವಳು, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಮೂಲದಲ್ಲಿ ಆ ಗೆರೆ ಇಲ್ಲ. ಅದೇ ಉಪನಿಷತ್ತಿನಲ್ಲೇ ಗಾರ್ಗಿ ಎದ್ದು ನಿಂತು ಯಾಜ್ಞವಲ್ಕ್ಯರಿಗೆ ಎರಡು ಬಾಣದಂಥ ಪ್ರಶ್ನೆ ಕೇಳುತ್ತಾಳೆ. ಮಧ್ವಾಚಾರ್ಯರು ತಮ್ಮ ಬ್ರಹ್ಮಸೂತ್ರ ಭಾಷ್ಯದ ಮೊದಲ ಸೂತ್ರದಲ್ಲೇ ವ್ಯೋಮಸಂಹಿತೆಯ ಮಾತು ತರುತ್ತಾರೆ: ಅಂತ್ಯಜರಾದರೂ ಭಕ್ತರಿಗೆ ನಾಮಜ್ಞಾನದಲ್ಲಿ ಅಧಿಕಾರ, ಸ್ತ್ರೀಶೂದ್ರರಿಗೆ ತಂತ್ರಜ್ಞಾನದಲ್ಲಿ, ಇನ್ನು ಉತ್ತಮ ಸ್ತ್ರೀಯರಿಗೆ ವೈದಿಕದಲ್ಲೂ ಅಧಿಕಾರವನ್ನು ಹೇಳುತ್ತಾರೆ, ಊರ್ವಶಿ, ಯಮಿ, ಶಚಿಯರಂತೆ. ಆ ಉದಾಹರಣೆಗಳೆಲ್ಲ ದೇವಲೋಕದವು, ಅದನ್ನು ಮುಚ್ಚಿಡುವುದಿಲ್ಲ. ಆದರೂ ‘ಹೆಣ್ಣು’ ಎಂಬ ಒಂದೇ ಕಾರಣಕ್ಕೆ ಬಾಗಿಲು ಪೂರ್ತಿ ಹಾಕಿಲ್ಲ.

ಶುಕ್ಲ ಯಜುರ್ವೇದದ 26ನೇ ಅಧ್ಯಾಯದ ‘ಯಥೇಮಾಂ ವಾಚಂ ಕಲ್ಯಾಣೀಂ’ ಮಂತ್ರವನ್ನು ನೀವು ಕೇಳಿರುತ್ತೀರಿ. ಈ ಮಂಗಳದ ಮಾತನ್ನು ಬ್ರಾಹ್ಮಣನಿಗೆ, ರಾಜನ್ಯನಿಗೆ, ಶೂದ್ರನಿಗೆ, ಆರ್ಯನಿಗೆ, ನಮ್ಮವನಿಗೆ, ಪರಕೀಯನಿಗೆ ಎಲ್ಲರಿಗೂ ಆಡುತ್ತೇನೆ ಎಂದು ಅದರ ಭಾವ. 1875ರಲ್ಲಿ ಆರ್ಯಸಮಾಜ ಕಟ್ಟಿದ ದಯಾನಂದ ಸರಸ್ವತಿಯವರು ವೇದ ಎಲ್ಲರದು ಎನ್ನಲು ಇದನ್ನೇ ಆಧಾರ ಮಾಡಿಕೊಂಡರು. ಹಳೆಯ ಭಾಷ್ಯಕಾರ ಮಹೀಧರರ ಪ್ರಕಾರ ಇದು ವೇದೋಪದೇಶವಲ್ಲ, ಕೊಡಿ, ಉಣ್ಣಿ ಎಂಬ ಯಜಮಾನನ ಸವಿಮಾತು. ಈ ಒಂದೇ ಮಂತ್ರದ ಮೇಲೆ ನಾನು ಭಾರ ಹಾಕುವುದಿಲ್ಲ, ರಥಕಾರ, ನಿಷಾದರ ನೆಲ ಹೆಚ್ಚು ಗಟ್ಟಿ. ಹಾಗೆಯೇ ಐತರೇಯ ಬ್ರಾಹ್ಮಣದ ಕವಷ ಐಲೂಷನ ಕಥೆ. ದಾಸಿಯ ಮಗ ಎಂದು ಸರಸ್ವತೀ ತೀರದ ಸತ್ರದಿಂದ, ಅಂದರೆ ದೀರ್ಘ ಯಜ್ಞದಿಂದ, ಋಷಿಗಳು ಅವನನ್ನು ನೀರಿಲ್ಲದ ಮರಳಿಗೆ ಅಟ್ಟಿದರು. ಬಾಯಾರಿದ ಅವನಿಗೆ ನೀರನ್ನು ಸ್ತುತಿಸುವ ಅಪೋನಪ್ತ್ರೀಯ ಸೂಕ್ತ ಕಂಡಿತು, ಸರಸ್ವತಿಯೇ ಅವನ ಸುತ್ತ ಹರಿದು ಬಂದಳು. ಅಟ್ಟಿದವರೇ ಕರೆದುಕೊಂಡು ಬಂದರು. ಆ ಸೂಕ್ತ ಇವತ್ತಿಗೂ ಋಗ್ವೇದದಲ್ಲಿದೆ, ಹತ್ತನೇ ಮಂಡಲದ 30ನೆಯದು.

ಮುಂಬಾಗಿಲಲ್ಲಿ ಇಷ್ಟು ವಾದ ನಡೆಯುತ್ತಿರುವಾಗ ಜನ ಬೇರೆ ಬಾಗಿಲು ತೆರೆದುಕೊಂಡರು. ಪಾಂಚರಾತ್ರ, ಶೈವ ಆಗಮಗಳಲ್ಲಿ ದೀಕ್ಷೆ ಎಂಬ ಬಾಗಿಲಿತ್ತು. ತಮ್ಮ ಬ್ರಹ್ಮಸೂತ್ರ ಭಾಷ್ಯವಾದ ಶ್ರೀಭಾಷ್ಯದಲ್ಲಿ ಅಪಶೂದ್ರಾಧಿಕರಣವನ್ನು ಹಾಗೇ ಎತ್ತಿಹಿಡಿದ ರಾಮಾನುಜರು, ಗುರುಪರಂಪರೆಯ ಕಥೆಯ ಪ್ರಕಾರ, ತಿರುಕ್ಕೋಷ್ಟಿಯೂರಿಗೆ ಹದಿನೆಂಟು ಸಲ ಅಲೆದು ಪಡೆದ ಅಷ್ಟಾಕ್ಷರಿಯ ರಹಸ್ಯವನ್ನು ಗುಡಿಯ ಮೇಲೆ ಹತ್ತಿ ನಿಂತು ಕೂಗಿ ಹೇಳಿದರು. ನಾನು ನರಕಕ್ಕೆ ಹೋದರೂ ಇಷ್ಟು ಜನ ಉದ್ಧಾರವಾಗಲಿ ಎಂದರು. ಹನ್ನೆರಡನೇ ಶತಮಾನದ ಶರಣರು ದೀಕ್ಷೆಗೆ ಜಾತಿಯನ್ನೂ ಹೆಣ್ಣುಗಂಡೆಂಬುದನ್ನೂ ಕೇಳಲಿಲ್ಲ, ಕೈಗೆ ಲಿಂಗ, ಕಿವಿಗೆ ಪಂಚಾಕ್ಷರಿ. ಕಲಿಸಂತರಣ ಉಪನಿಷತ್ತಿನಲ್ಲಿ ನಾರದರು ಹರಿನಾಮಕ್ಕೆ ವಿಧಿ ಏನು ಎಂದು ಕೇಳಿದರೆ ಬ್ರಹ್ಮ ‘ನಾಸ್ಯ ವಿಧಿಃ’ ಎನ್ನುತ್ತಾನೆ, ಇದಕ್ಕೆ ವಿಧಿಯೇ ಇಲ್ಲ, ಶುಚಿಯೋ ಅಶುಚಿಯೋ, ಹೇಳು.

ನಮ್ಮ ನಾಡಿನ ಕೋಣಮಂತ್ರದ ಐತಿಹ್ಯ ನಿಮಗೆಲ್ಲ ಗೊತ್ತು. ಕನಕದಾಸರು ವ್ಯಾಸರಾಯರಲ್ಲಿ ಮಂತ್ರೋಪದೇಶ ಬೇಡಿದರು. ಕುರುಬನಿಗೆ ಎಂಥ ಮಂತ್ರ, ಕೋಣನ ಮಂತ್ರ ಎಂದು ಮಾತು ಬಂತು. ಕನಕರು ಅದನ್ನೇ ಉಪದೇಶವೆಂದು ತಲೆಗೊತ್ತಿಕೊಂಡು ‘ಕೋಣ, ಕೋಣ’ ಎಂದು ಜಪಿಸಿದರು. ಯಮನ ಕೋಣ ಪ್ರತ್ಯಕ್ಷವಾಯಿತು, ಕೆರೆಯ ಕೆಲಸಕ್ಕೆ ಅಡ್ಡವಾಗಿದ್ದ ಬಂಡೆಯನ್ನು ನೂಕಿತು. ಚರಿತ್ರೆ ಹೌದೋ ಅಲ್ಲವೋ ಎಂದು ನಾನು ಕೇಳುವುದಿಲ್ಲ. ಮಂತ್ರ ಸಿಗದೆ ಹಿಂತಿರುಗಿದ ಎಷ್ಟು ಜನರ ಸಂಕಟ ಸೇರಿ ಈ ಕಥೆ ಹುಟ್ಟಿರಬೇಕು ಎಂದಷ್ಟೇ ಯೋಚಿಸುತ್ತೇನೆ.

ಸಂಕಟ ಅರಸರನ್ನೂ ಬಿಡಲಿಲ್ಲ. 1674ರಲ್ಲಿ ರಾಯಗಡದಲ್ಲಿ ಪಟ್ಟಾಭಿಷೇಕವಾಗಬೇಕಾದರೆ ಶಿವಾಜಿ ಮಹಾರಾಜರಿಗೆ ನಲವತ್ತು ದಾಟಿದ ಮೇಲೆ ಉಪನಯನ ಮಾಡಬೇಕಾಯಿತು. 1899ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಪಂಚಗಂಗಾ ನದಿಯಲ್ಲಿ ಸ್ನಾನ ಮಾಡುವಾಗ ಪುರೋಹಿತ ಹೇಳುತ್ತಿದ್ದದ್ದು ಪುರಾಣೋಕ್ತ ಮಂತ್ರ. ಕೇಳಿದರೆ, ನೀವು ಶೂದ್ರರು, ನಿಮಗೆ ವೇದೋಕ್ತ ಇಲ್ಲ ಎಂಬ ಉತ್ತರ ಬಂತು. ನದಿಯಲ್ಲಿ ನಿಂತ ರಾಜನಿಗೇ ಈ ಮಾತು. 1902ರಲ್ಲಿ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಮೀಸಲಿಟ್ಟ ಅರಸ ಇವರೇ.

ಸ್ವತಂತ್ರ ಭಾರತದಲ್ಲಿ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಕೇರಳದ ಒಂದು ಶಿವಾಲಯದಲ್ಲಿ ಬ್ರಾಹ್ಮಣೇತರ ಅರ್ಚಕರ ನೇಮಕದ ವಿವಾದದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು ಇದು: ಪೂಜಾವಿಧಿಯಲ್ಲಿ, ಮಂತ್ರದಲ್ಲಿ ಸರಿಯಾಗಿ ತರಬೇತಿ ಪಡೆದವನು ಪೂಜೆ ಮಾಡಬಹುದು, ಜಾತಿ ಅಡ್ಡಿಯಲ್ಲ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಇಬ್ಬರು ವಿಧವೆಯರು ಅರ್ಚಕರಾಗಿ ಗರ್ಭಗುಡಿ ಪ್ರವೇಶಿಸಿದರು.

ಹಾಗಾದರೆ ನಿಯಮವೇ ಬೇಡವೇ ಎಂದು ಕೇಳಬೇಡಿ. ಬೇಕು, ಕಟ್ಟುನಿಟ್ಟಾಗಿ ಬೇಕು, ಆದರೆ ಕಲಿಯುವಿಕೆಯ ನಿಯಮ. ತ್ವಷ್ಟೃವಿನ ಕಥೆ ನೆನಪಿಸಿಕೊಳ್ಳಿ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮ ಮಾಡಿ ‘ಇಂದ್ರಶತ್ರು’ ಎಂದ. ಕೊನೆಯ ಅಕ್ಷರ ಉದಾತ್ತ, ಅಂದರೆ ಏರುಸ್ವರ, ಆಗಿದ್ದರೆ ಇಂದ್ರನನ್ನು ಕೊಲ್ಲುವವನು. ಮೊದಲ ಅಕ್ಷರ ಉದಾತ್ತವಾಗಿ ಬಿತ್ತು, ಇಂದ್ರನೇ ಯಾರ ಕೊಲೆಗಾರನೋ ಅವನು ಎಂದಾಯಿತು. ಹಾಗೆ ಹುಟ್ಟಿದ ಮಗ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಸ್ವರ ತಪ್ಪಿದ್ದು ಯಾರದ್ದು? ಅಧಿಕಾರ ಪೂರ್ತಿಯಾಗಿ ಇದ್ದ ದೇವತೆಯದ್ದು! ಪಾಣಿನೀಯ ಶಿಕ್ಷೆ ಆರು ಬಗೆಯ ಕೀಳು ಪಾಠಕರನ್ನು ಹೇಳುತ್ತದೆ: ರಾಗ ಎಳೆಯುವವನು, ಓಡಿಸುವವನು, ತಲೆ ಆಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಹೂತುಹೋದವನು. ಈ ಪಟ್ಟಿಯಲ್ಲಿ ಜಾತಿಯಿಲ್ಲ. ಮೊಬೈಲ್ ಹಿಡಿದು ಒಂದೇ ಉಸಿರಿಗೆ ರುದ್ರ ಮುಗಿಸುವವರಿಗೆ, ಅವರ ಹೆಗಲ ಮೇಲೆ ಏನೇ ಇರಲಿ, ಈ ನಿಯಮ ಅನ್ವಯಿಸುತ್ತದೆ. ಗಾಯತ್ರಿ ಕಲಿಯಬೇಕೆನ್ನುವ ಅಕ್ಕಂದಿರಿಗೆ ನಾನು ಹೇಳುವುದೂ ಇದೇ. ಆ ಮಂತ್ರದ ಋಷಿ ವಿಶ್ವಾಮಿತ್ರ, ಹುಟ್ಟಿನಿಂದ ಬ್ರಾಹ್ಮಣನಲ್ಲ. ನೀವು ಬನ್ನಿ, ಎದುರಿಗೆ ಕೂತು ಕಲಿಯಿರಿ, ಅರ್ಥ ಕೇಳಿ, ತಪ್ಪಿದರೆ ತಿದ್ದಿಸಿಕೊಳ್ಳಿ.

ಕಳೆದ ವರ್ಷ ನಮ್ಮ ರುದ್ರಪಾಠಕ್ಕೆ ಮರಗೆಲಸ ಮಾಡುವ ಹಿರಿಯರೊಬ್ಬರು ಸೇರಿಕೊಂಡರು. ಕೆಲಸ ಮುಗಿಸಿ, ಕೈಕಾಲು ತೊಳೆದು, ಹಿಂದಿನ ಸಾಲಿನಲ್ಲಿ ಕೂರುವವರು. ದನಿ ಎತ್ತುತ್ತಿರಲಿಲ್ಲ. ನಾಲ್ಕನೇ ಅನುವಾಕ ಬಂದ ದಿನ ಪದ ಬಿಡಿಸಿ ಅರ್ಥ ಹೇಳುತ್ತಿದ್ದೆ. ‘ನಮಸ್ತಕ್ಷಭ್ಯೋ ರಥಕಾರೇಭ್ಯಶ್ಚ ವೋ ನಮಃ’. ತಕ್ಷ ಎಂದರೆ ಬಡಗಿ, ರಥಕಾರ ಎಂದರೆ ರಥ ಮಾಡುವವನು, ನಿಮಗೆ ನಮಸ್ಕಾರ. ‘ನಮಃ ಕುಲಾಲೇಭ್ಯಃ ಕರ್ಮಾರೇಭ್ಯಶ್ಚ’, ಕುಂಬಾರರಿಗೆ, ಕಮ್ಮಾರರಿಗೆ. ‘ನಿಷಾದೇಭ್ಯಶ್ಚ ವೋ ನಮಃ’, ನಿಷಾದರಿಗೆ. ಹಿಂದಿನ ಸಾಲಿನಿಂದ ಅವರು ಕೈ ಎತ್ತಿದರು.

‘ಮೇಡಂ, ಬಡಗಿ ಅಂದ್ರಲ್ಲ. ಅದು ನಾವೇನಾ?’

‘ಹೌದು ಯಜಮಾನರೇ, ನೀವೇ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಇನ್ನೊಂದ್ಸಲ ಹೇಳ್ಕೊಡಿ’ ಎಂದರು. ‘ತ’ ಮೇಲೆ ಸ್ವರ ಎಲ್ಲಿ ನಿಲ್ಲಬೇಕೆಂದು ತೋರಿಸಿದೆ. ಎರಡು ಸಲ ತಪ್ಪಿತು. ಮೂರನೇ ಸಲ ಸರಿಯಾಗಿ, ಕೋಣೆಗೆಲ್ಲ ಕೇಳುವ ಹಾಗೆ ಹೇಳಿದರು.